ಡಾಂಬರು ಬೇಡ ಅಂದ ರಸ್ತೆಗಳು: ಟಸ್ಕನಿಯಲ್ಲಿ ಗ್ರ್ಯಾವೆಲ್ ಸೈಕಲ್ – ಪದೇ ಪದೇ ಕೇಳುವ ಪ್ರಶ್ನೆಗಳು

ಇಟಲಿಯ ಟಸ್ಕನಿಯಲ್ಲಿ, ಸಿಯೆನಾ ಪಟ್ಟಣದ ಸುತ್ತಮುತ್ತ ಬಿಳಿ ಮಣ್ಣಿನ ರಸ್ತೆಗಳಿವೆ. ಅಲ್ಲಿನವರು ಅವನ್ನು ‘ಸ್ತ್ರಾದೆ ಬಿಯಾಂಕೆ’ ಅನ್ನುತ್ತಾರೆ, ಅಂದರೆ ಬಿಳಿ ರಸ್ತೆಗಳು. ಆ ರಸ್ತೆಗಳಲ್ಲಿ ಸೈಕಲ್ ಹೊಡೆಯುವುದು ನನ್ನ ಹುಚ್ಚು. ಪ್ರತಿಸಲ ವಾಪಸ್ ಬಂದಾಗಲೂ ಗೆಳೆಯರು, ನೆಂಟರು, ಭಾನುವಾರದ ಸೈಕಲ್ ಗುಂಪಿನವರು, ಯಾರೋ ಹೇಳಿದರೆಂದು ಕಾಗದ ಬರೆಯುವವರು, ಎಲ್ಲರೂ ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವರ ಮಾತಲ್ಲೇ ಬರೆದು, ನನಗೆ ಗೊತ್ತಿದ್ದದ್ದನ್ನು ಕೆಳಗೆ ಹೇಳಿದ್ದೇನೆ.

## ಮೊದಲು ಕೇಳುವಂಥವು

ಗ್ರ್ಯಾವೆಲ್ ಬೈಕ್ ಅಂದ್ರೆ ಏನ್ರೀ? ಎಂಟಿಬಿಗೂ (ಮೌಂಟನ್ ಬೈಕಿಗೂ) ಇದಕ್ಕೂ ಏನು ವ್ಯತ್ಯಾಸ?

ನೋಡುವುದಕ್ಕೆ ರೇಸ್ ಸೈಕಲ್ ಥರಾನೇ ಇರುತ್ತದೆ, ಅದೇ ಬಾಗಿದ ಹ್ಯಾಂಡಲ್. ಆದರೆ ಟಯರ್ ದಪ್ಪ, 38ರಿಂದ 50 ಮಿಲಿಮೀಟರ್. ಏರು ಹತ್ತಲು ಹಗುರವಾದ ಗೇರ್, ಡಿಸ್ಕ್ ಬ್ರೇಕು. ಡಾಂಬರಿನ ಮೇಲೆ ಸರಾಗವಾಗಿ ಓಡುತ್ತದೆ, ಜಲ್ಲಿ ಬಂದರೆ ಇಳಿದು ತಳ್ಳಬೇಕಾಗಿಲ್ಲ. ಬಂಡೆ, ಬೇರು, ಕೊರಕಲು ಇರುವ ಕಾಡುದಾರಿಗೆ ಎಂಟಿಬಿಯೇ ಸರಿ. ಒಂದೇ ದಿನದಲ್ಲಿ 30 ಕಿಲೋಮೀಟರ್ ಡಾಂಬರು, 40 ಕಿಲೋಮೀಟರ್ ಮಣ್ಣು ಬರುತ್ತದೆ ಅನ್ನುವ ಕಡೆ ಗ್ರ್ಯಾವೆಲ್ ಬೈಕ್ ಬೇಕು.

ಗ್ರ್ಯಾವೆಲ್ ಅನ್ನುವ ಹೆಸರು ಹಬ್ಬಿದ್ದು ಅಮೆರಿಕದ ಜಲ್ಲಿ ರಸ್ತೆಯ ರೇಸುಗಳಿಂದ. ಈ ಕ್ರೀಡೆಯ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 2022ರಲ್ಲಿ, ಇಟಲಿಯ ವೆನೆತೊ ಪ್ರಾಂತ್ಯದಲ್ಲಿ. ಹೆಸರು ಹೊಸದು, ಕೆಲಸ ಹೊಸದಲ್ಲ. ಹಿಂದೆ ಹಾಲಿನ ಕ್ಯಾನ್ ಕಟ್ಟಿಕೊಂಡು ಕಪ್ಪು ಸೈಕಲ್ಲಿನಲ್ಲಿ ಡೈರಿಗೆ ಹೋಗುತ್ತಿದ್ದವರು ಮಾಡುತ್ತಿದ್ದದ್ದೂ ಗ್ರ್ಯಾವೆಲ್ ಸವಾರಿಯೇ ಅಲ್ವಾ!

ಮಣ್ಣು ರೋಡಿಗೆ ಇಟಲಿ ತನಕ ಹೋಗ್ಬೇಕಾ? ನಮ್ಮೂರಲ್ಲೇ ಬೇಕಾದಷ್ಟು ಇದೆಯಲ್ಲ!

ಹೋಗಲೇಬೇಕು ಅಂತೇನಿಲ್ಲ. ಸಕಲೇಶಪುರದ ಕಡೆ ಕಾಫಿ ತೋಟಗಳ ನಡುವಿನ ದಾರಿಯೂ ಚೆನ್ನ, ಬಯಲುಸೀಮೆಯ ಕೆರೆ ಏರಿಯೂ ಚೆನ್ನ. ನಾನು ಕಲಿತದ್ದೇ ಅಲ್ಲಿ.

ಆದರೆ ನಮ್ಮಲ್ಲಿ ಮಣ್ಣು ರಸ್ತೆ ಅಂದರೆ ಇನ್ನೂ ಡಾಂಬರು ಬಾರದ ರಸ್ತೆ. ಅದು ಊರಿನ ದೂರು, ಪ್ರತಿ ಚುನಾವಣೆಯ ಭರವಸೆ. ಸಿಯೆನಾದಲ್ಲಿ ಅದು ಹಾಗೇ ಇರಲಿ ಅಂತ ಜನ ಹಟ ಹಿಡಿದು ಉಳಿಸಿಕೊಂಡ ರಸ್ತೆ. ನೀರು ಹರಿಯಲು ಅಂಚಿನಲ್ಲಿ ಚರಂಡಿ ಮಾಡಿ, ಗುಂಡಿ ಬಿದ್ದರೆ ಜಲ್ಲಿ ಹಾಕಿ ಉರುಳೆ ಓಡಿಸುತ್ತಾರೆ. ಹೀಗಾಗಿ ಒಂದು ಮಣ್ಣು ರಸ್ತೆ ಮುಗಿದಲ್ಲಿ ಇನ್ನೊಂದು ಸಿಗುತ್ತದೆ. ದಿನವಿಡೀ ಹೋದರೂ ಹೆದ್ದಾರಿ ಮುಟ್ಟದೆ ಊರಿಂದೂರಿಗೆ ದಾಟಬಹುದು. ಹಳ್ಳಿಗಳೂ ತೀರಾ ದೂರ ಇರುವುದಿಲ್ಲ. ಗುಡ್ಡದ ನೆತ್ತಿಯ ಮೇಲೆ ಒಂದು ಗೋಪುರ ಕಂಡರೆ ಅಲ್ಲಿ ಕಾಫಿ ಇದೆ ಅಂತಲೇ ಲೆಕ್ಕ.

ಅಷ್ಟು ಶ್ರೀಮಂತ ದೇಶ. ರಸ್ತೆಗೆ ಡಾಂಬರು ಯಾಕೆ ಹಾಕಿಲ್ಲ?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು.

ಟಸ್ಕನಿಯಲ್ಲಿ ಶತಮಾನಗಳ ಕಾಲ ‘ಮೆದ್ಸಾದ್ರಿಯಾ’ ಅನ್ನುವ ಪಾಲು ಬೇಸಾಯ ನಡೆಯಿತು. ಜಮೀನು ಧಣಿಯದು, ದುಡಿಮೆ ರೈತನದು, ಬೆಳೆ ಅರ್ಧರ್ಧ. ಧಣಿಯ ಜಮೀನನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡಿಗೂ ಒಂದು ಕಲ್ಲಿನ ಮನೆ ಕಟ್ಟಿ, ಅಲ್ಲೊಂದು ಕುಟುಂಬವನ್ನು ಇಡುತ್ತಿದ್ದರು. ಹೀಗೆ ಗುಡ್ಡಕ್ಕೊಂದು ಒಂಟಿ ಮನೆ ಬಂತು. ಪ್ರತಿ ಮನೆಗೂ ಎತ್ತಿನ ಗಾಡಿ ಹೋಗುವಷ್ಟು ಅಗಲದ ದಾರಿ ಬೇಕಾಯಿತು. ಈಗ ನಾವು ಸೈಕಲ್ ಹೊಡೆಯುವುದು ಆ ಗಾಡಿ ದಾರಿಗಳಲ್ಲಿ.

ಎರಡನೇ ಮಹಾಯುದ್ಧದ ನಂತರ ಜನ ಹೊಲ ಬಿಟ್ಟು ಪಟ್ಟಣದ ಕಾರ್ಖಾನೆಗಳಿಗೆ ಹೋದರು. 1964ರಲ್ಲಿ ಹೊಸ ಪಾಲು ಒಪ್ಪಂದಗಳನ್ನು ಕಾನೂನೇ ನಿಲ್ಲಿಸಿತು. ‘ಉಳುವವನೇ ಹೊಲದೊಡೆಯ’ ಅನ್ನುವ ಮಾತು ನಮ್ಮಲ್ಲಿ ಕಾನೂನಾಗಿ ಬಂದದ್ದು 1974ರಲ್ಲಿ, ಅದರ ನೆನಪಾಗುತ್ತದೆ. ಆದರೆ ಅಲ್ಲಿ ಅಷ್ಟು ಹೊತ್ತಿಗೆ ಉಳುವವರೇ ಹೊರಟುಬಿಟ್ಟಿದ್ದರು. ಬೇರೆ ಕಡೆ ಡಾಂಬರು ಬೀಳುತ್ತಿದ್ದ ಕಾಲದಲ್ಲಿ ಈ ಗುಡ್ಡಗಳಲ್ಲಿ ‘ನಮಗೂ ಹಾಕಿ’ ಅಂತ ಕೇಳುವ ಜನವೇ ಕಡಿಮೆ. ಹಾಗಾಗಿ ರಸ್ತೆ ಉಳಿಯಿತು.

ಆಮೇಲೆ ಹಾಕುವ ಕಾಲ ಬಂದಾಗ ಬೇಡ ಅಂದವರು ಹುಟ್ಟಿಕೊಂಡರು. ಗಯೋಲೆ ಇನ್ ಕಿಯಾಂತಿ ಅನ್ನುವ ಸಣ್ಣ ಊರಿನಲ್ಲಿ ಜಾನ್‌ಕಾರ್ಲೊ ಬ್ರೊಚ್ಚಿ 1997ರಲ್ಲಿ ‘ಎರೋಯಿಕಾ’ ಅನ್ನುವ ಸವಾರಿ ಶುರು ಮಾಡಿದರು. ಹಳೇ ಸೈಕಲ್, ಉಣ್ಣೆಯ ಜೆರ್ಸಿ, ಮಣ್ಣು ರಸ್ತೆ. ಮೊದಲ ವರ್ಷ ಬಂದವರು 92 ಜನ. ಈಗ ಅಕ್ಟೋಬರಿನಲ್ಲಿ ಸಾವಿರಾರು ಜನ ಬರುತ್ತಾರೆ. ಬಿಳಿ ರಸ್ತೆ ಅಳಿಯಬಾರದು ಅನ್ನುವುದೇ ಅದರ ಮೊದಲ ಉದ್ದೇಶ. ಒಂದು ಸೈಕಲ್ ಸವಾರಿ ರಸ್ತೆಯನ್ನು ಕಾಯಿತು ಅಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ನನ್ನ ಸೋದರಮಾವನಂತೂ ‘ಡಾಂಬರು ಬೇಡ ಅಂತ ಯಾವನಾದರೂ ಹೋರಾಡ್ತಾನಾ ಮಾರಾಯ?’ ಅಂತ ಇನ್ನೂ ನಗುತ್ತಾರೆ.

ನಾನು ದಿನಾ ಸೈಕಲ್ ಹೊಡೆಯೋನಲ್ಲ. ನನ್ನಿಂದ ಆಗುತ್ತಾ?

ಆಗುತ್ತದೆ. ಆದರೆ ದೂರ ನೋಡಿ ಲೆಕ್ಕ ಹಾಕಬೇಡಿ, ಏರು ನೋಡಿ. ಅಲ್ಲಿ ಸಪಾಟು ಜಾಗ ಅನ್ನುವುದೇ ಅಪರೂಪ. ಒಂದೇ ಉದ್ದನೆಯ ಘಾಟಿ ಬರುವುದಿಲ್ಲ, 1 ಕಿಲೋಮೀಟರ್ ಹತ್ತು, 1 ಕಿಲೋಮೀಟರ್ ಇಳಿ, ಮತ್ತೆ ಹತ್ತು. 40 ಕಿಲೋಮೀಟರಿಗೆ ಸುಮ್ನೆ 700–800 ಮೀಟರ್ ಏರು ಕೂಡಿಬಿಡುತ್ತದೆ. ನಂದಿ ಬೆಟ್ಟ ಒಮ್ಮೆ ಹತ್ತಿದ್ದಕ್ಕಿಂತ ಜಾಸ್ತಿ ಅದು.

ಹೊಸಬರಿಗೆ ನಾನು ಹೇಳುವ ಮೊದಲ ದಿನದ ದಾರಿ ಸಾನ್ ಕ್ವಿರಿಕೊದಿಂದ ಪಿಯೆಂತ್ಸಾಕ್ಕೆ. ಸುಮಾರು 10–12 ಕಿಲೋಮೀಟರ್. ನಡುವೆ ಸೈಪ್ರೆಸ್ ಮರಗಳ ಮಧ್ಯೆ ವಿತಾಲೆತಾ ಅನ್ನುವ ಪುಟ್ಟ ಪ್ರಾರ್ಥನಾ ಮಂದಿರ ಸಿಗುತ್ತದೆ. ಪಿಯೆಂತ್ಸಾದಲ್ಲಿ ಊಟ ಮಾಡಿ ನಿಧಾನಕ್ಕೆ ವಾಪಸ್ ಬನ್ನಿ. ಮಂಡಿ ನೋವಿದ್ದರೆ ಬ್ಯಾಟರಿ ಇರುವ ಇ-ಗ್ರ್ಯಾವೆಲ್ ಬಾಡಿಗೆಗೆ ಸಿಗುತ್ತದೆ, ನಾಚಿಕೆ ಬೇಡ.

ಯಾವ ತಿಂಗಳು ಹೋದ್ರೆ ಒಳ್ಳೇದು?

ಏಪ್ರಿಲ್ ಕೊನೆಯಿಂದ ಜೂನ್ ನಡುವಿನವರೆಗೆ, ಇಲ್ಲವೇ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆವರೆಗೆ. ಮೇ ತಿಂಗಳಲ್ಲಿ ಗೋಧಿ ಹೊಲ ಹಸಿರು, ಅಂಚಿನಲ್ಲಿ ಕೆಂಪು ಗಸಗಸೆ ಹೂವು. ಸೆಪ್ಟೆಂಬರಿನಲ್ಲಿ ಹೊಲ ಉತ್ತು ಬೂದಿ ಬಣ್ಣ, ಆದರೆ ದ್ರಾಕ್ಷಿ ಕೊಯ್ಲು ನಡೆಯುತ್ತಿರುತ್ತದೆ. ಫೋಟೊಕ್ಕೆ ಮೇ, ಸವಾರಿಗೆ ಸೆಪ್ಟೆಂಬರ್ ಅನ್ನುವುದು ನನ್ನ ಲೆಕ್ಕ, ಏಕೆಂದರೆ ಆಗ ರಸ್ತೆ ಒಣಗಿ ಗಟ್ಟಿಯಾಗಿರುತ್ತದೆ.

ಜುಲೈ, ಆಗಸ್ಟ್ ಬೇಡ. 35 ಡಿಗ್ರಿ ದಾಟುತ್ತದೆ, ನೆರಳಿಲ್ಲ. ‘ನಾವು ರಾಯಚೂರಿನವರು, ಬಿಸಿಲು ನಮಗೇನು’ ಅಂದ ಗೆಳೆಯರೊಬ್ಬರು ಮಧ್ಯಾಹ್ನ 2ಕ್ಕೆ ಒಂದು ಹೊಲದಂಚಿನ ಓಕ್ ಮರದ ಕೆಳಗೆ ಮಲಗಿದವರು ಎದ್ದದ್ದು 5ಕ್ಕೆ. ಜುಲೈ 2 ಮತ್ತು ಆಗಸ್ಟ್ 16ರಂದು ಸಿಯೆನಾದಲ್ಲಿ ಪಾಲಿಯೊ ಕುದುರೆ ಓಟ, ಆಗ ಊರೊಳಗೆ ಕಾಲಿಡಲು ಜಾಗ ಇರುವುದಿಲ್ಲ.

## ಹೊರಡುವ ಮುಂಚೆ

ಎಲ್ಲಿ ಉಳಿಯೋದು? ಕಿಯಾಂತಿ, ಕ್ರೇತೆ, ವಾಲ್ ದೋರ್ಚಾ ಅಂತೀರ, ತಲೆ ಕೆಡುತ್ತೆ.

ಮೂರೂ ಸಿಯೆನಾದ ಸುತ್ತಲೇ ಇವೆ, ಮಣ್ಣು ಮಾತ್ರ ಬೇರೆ ಬೇರೆ.

ಸಿಯೆನಾದ ಉತ್ತರಕ್ಕೆ ಕಿಯಾಂತಿ. ಕಲ್ಲು ನೆಲ, ಓಕ್ ಕಾಡು, ದ್ರಾಕ್ಷಿ ತೋಟ, ಚುರುಕಾದ ಏರುಗಳು. ನೆರಳು ಜಾಸ್ತಿ. ರಾದ್ದಾ ಅಥವಾ ಗಯೋಲೆಯಲ್ಲಿ ಉಳಿಯಬಹುದು.

ಆಗ್ನೇಯಕ್ಕೆ ಕ್ರೇತೆ ಸೆನೇಸಿ. ‘ಕ್ರೇತೆ’ ಅಂದರೆ ಜೇಡಿಮಣ್ಣು. ಕೆಲವು ದಶಲಕ್ಷ ವರ್ಷಗಳ ಹಿಂದೆ ಇದು ಸಮುದ್ರದ ತಳ. ಮರ ಕಡಿಮೆ, ಬೋಳು ಗುಡ್ಡಗಳ ಅಲೆ. ಇದರಲ್ಲೊಂದು ಭಾಗಕ್ಕೆ ಅಕ್ಕೋನಾ ಮರುಭೂಮಿ ಅಂತಲೇ ಹೆಸರು. ಅಲ್ಲಿ 1313ರಲ್ಲಿ ಶುರುವಾದ ಮೊಂತೆ ಒಲಿವೇತೊ ಮಜೋರೆ ಮಠವಿದೆ. ಅಶಾನೋ ಊರು ಉಳಿಯಲು ಅನುಕೂಲ.

ಇನ್ನೂ ದಕ್ಷಿಣಕ್ಕೆ ವಾಲ್ ದೋರ್ಚಾ. 2004ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಕ್ಯಾಲೆಂಡರಿನಲ್ಲಿ ನೋಡುವ ಟಸ್ಕನಿ ಇದೇ. ಹಿಂದೆ ಅಮಿಯಾತಾ ಬೆಟ್ಟ, 1738 ಮೀಟರ್. ಪ್ರವಾಸಿಗಳೂ ಇಲ್ಲೇ ಜಾಸ್ತಿ.

ನಿಶ್ಶಬ್ದ ಬೇಕು ಅಂದರೆ ನನ್ನ ಮತ ಕ್ರೇತೆಗೆ. ಹೊಲದ ಮನೆಗಳಲ್ಲಿ ಉಳಿಸಿಕೊಳ್ಳುವ ‘ಅಗ್ರಿತುರಿಸ್ಮೊ’ಗಳು ಎಲ್ಲ ಕಡೆ ಇವೆ. ಸೈಕಲ್ ಇಡಲು ಬೀಗ ಹಾಕುವ ಕೊಟ್ಟಿಗೆ ಇದೆಯಾ ಅಂತ ಮಾತ್ರ ಮೊದಲೇ ಕೇಳಿ.

ಇಲ್ಲಿಂದ ನನ್ನ ಸೈಕಲ್ ತಗೊಂಡು ಹೋಗ್ಲಾ, ಅಲ್ಲೇ ಬಾಡಿಗೆ ತಗೊಳ್ಲಾ?

ಒಂದು ವಾರದೊಳಗಿನ ಪ್ರವಾಸಕ್ಕೆ ಬಾಡಿಗೆಯೇ ಲೇಸು. ಸಿಯೆನಾ, ಗಯೋಲೆ ಎರಡೂ ಕಡೆ ಒಳ್ಳೆಯ ಗ್ರ್ಯಾವೆಲ್ ಬೈಕ್ ಸಿಗುತ್ತವೆ. ನಿಮ್ಮ ಪೆಡಲ್ ಮತ್ತು ಸೀಟು ಮಾತ್ರ ಒಯ್ಯಿರಿ, ಬೆನ್ನೂ ಕಾಲೂ ಬಯ್ಯುವುದಿಲ್ಲ. ನಾನು ಒಮ್ಮೆ ನನ್ನದೇ ಸೈಕಲ್ ಪ್ಯಾಕ್ ಮಾಡಿ ಒಯ್ದೆ. ವಿಮಾನದಿಂದ ಇಳಿಸಿಕೊಂಡು ಪೆಟ್ಟಿಗೆ ಬಿಚ್ಚಿದಾಗ ಗೇರ್ ತೂಗುವ ಹ್ಯಾಂಗರ್ ಬಾಗಿತ್ತು. ಮೊದಲ ಎರಡು ದಿನ ಅದರ ರಿಪೇರಿಯಲ್ಲೇ ಹೋಯಿತು. ಒಯ್ಯುವುದಾದರೆ ಒಂದು ಹ್ಯಾಂಗರ್ ಜಾಸ್ತಿ ಇಟ್ಟುಕೊಳ್ಳಿ.

ಫ್ಲಾರೆನ್ಸಿನಿಂದ ಸಿಯೆನಾಕ್ಕೆ ಲೋಕಲ್ ರೈಲು ಇದೆ, ಸುಮಾರು ಒಂದೂವರೆ ಗಂಟೆ. ಸೈಕಲ್ ಚಿತ್ರವಿರುವ ಬೋಗಿಗೆ ಹತ್ತಿಸಬೇಕು, ಸೈಕಲ್ಲಿಗೆ ಬೇರೆ ಟಿಕೆಟ್. ವೇಗದ ದೊಡ್ಡ ರೈಲುಗಳಲ್ಲಿ ಇಡೀ ಸೈಕಲ್ ಬಿಡುವುದಿಲ್ಲ, ಬಿಚ್ಚಿ ಚೀಲದಲ್ಲಿ ಹಾಕಿರಬೇಕು.

ಟಯರ್ ಯಾವುದು, ಗಾಳಿ ಎಷ್ಟು, ಗೇರ್ ಹೇಗಿರ್ಬೇಕು?

ಟಯರ್ 40 ಮಿಲಿಮೀಟರ್, ಟ್ಯೂಬ್‌ಲೆಸ್. ನಡುವೆ ನುಣುಪು, ಅಂಚಿನಲ್ಲಿ ಸಣ್ಣ ಗುಬ್ಬಿ, ಅಂದರೆ ರಬ್ಬರಿನ ಉಬ್ಬು, ಇರುವಂಥದ್ದು. ದೊಡ್ಡ ಗುಬ್ಬಿಯ ಟಯರ್ ಒಣ ರಸ್ತೆಯಲ್ಲಿ ಸುಮ್ನೆ ಎಳೆಯುತ್ತದೆ. 70 ಕಿಲೋ ತೂಗುವ ನಾನು ಮುಂದೆ 32, ಹಿಂದೆ 35 ಪಿಎಸ್‌ಐ ಹಾಕುತ್ತೇನೆ. ನಮ್ಮವರು ಮಾಡುವ ತಪ್ಪು ಒಂದೇ: ಗಾಳಿ ಜಾಸ್ತಿ ತುಂಬುವುದು. ಕಲ್ಲಿನಂತೆ ಗಟ್ಟಿ ಮಾಡಿದರೆ ಚಕ್ರ ಜಲ್ಲಿಯ ಮೇಲೆ ಪುಟಿಯುತ್ತದೆ, ಹಿಡಿತ ಹೋಗುತ್ತದೆ, ಸಂಜೆಗೆ ಅಂಗೈ ಮರಗಟ್ಟಿರುತ್ತದೆ.

ಗೇರ್ ವಿಷಯದಲ್ಲಿ ಮಾನ ಮರ್ಯಾದೆ ಬಿಡಿ. ಹಿಂದಿನ ದೊಡ್ಡ ಹಲ್ಲುಚಕ್ರ ಮುಂದಿನ ಸಣ್ಣದಕ್ಕಿಂತ ದೊಡ್ಡದಿರಲಿ, ಮುಂದೆ 40 ಹಲ್ಲು ಇದ್ದರೆ ಹಿಂದೆ 42ರ ಮೇಲೆ. ಮಣ್ಣಿನ ಮೇಲೆ ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಜಾರುತ್ತದೆ, ಕೂತೇ ಹತ್ತಬೇಕು. ಅದಕ್ಕೇ ಹಗುರ ಗೇರ್.

ನಾವು ಪಕ್ಕಾ ಸಸ್ಯಾಹಾರಿಗಳು. ಉಪವಾಸ ಬೀಳ್ತೀವಾ?

ಇಲ್ಲ. ಟಸ್ಕನಿಯ ಹಳ್ಳಿ ಊಟ ಬಡ ರೈತರ ಊಟ, ಕಾಳು, ರೊಟ್ಟಿ, ಸೊಪ್ಪು. ‘ರಿಬೊಲ್ಲೀತಾ’ ಅಂದರೆ ಹುರುಳಿಕಾಯಿ ಜಾತಿಯ ಬಿಳಿ ಕಾಳು, ಕಪ್ಪು ಎಲೆಕೋಸು, ಒಣಗಿದ ಬ್ರೆಡ್ ಹಾಕಿ ಕುದಿಸಿದ ಗಟ್ಟಿ ಸಾರು. ಚಳಿಗೆ ಅದರಂಥದ್ದಿಲ್ಲ. ‘ಪಾಪ್ಪಾ ಅಲ್ ಪೊಮೊದೋರೊ’ ಟೊಮೆಟೊ ಮತ್ತು ಹಳೇ ಬ್ರೆಡ್ಡಿನದು. ‘ಪಿಚಿ’ ಅನ್ನುವುದು ಕೈಯಲ್ಲಿ ಹೊಸೆದ ದಪ್ಪ ಶಾವಿಗೆ, ಬೆಳ್ಳುಳ್ಳಿ ಟೊಮೆಟೊ ಗೊಜ್ಜಿನ ಜೊತೆ ಬಂದರೆ ‘ಪಿಚಿ ಅಲ್ಲಾಲ್ಯೋನೆ’. ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಮೊದಲ ತುತ್ತಿಗೆ ಬೇಜಾರಾಗಬಹುದು. ಚಟ್ನಿಪುಡಿ ಡಬ್ಬಿ ಒಯ್ದವರು ಅಲ್ಲಿ ರಾಜರು.

ಎಚ್ಚರ ಎರಡು. ‘ಮಾಂಸ ಬೇಡ’ ಅಂದರೆ ಕೆಲವು ಕಡೆ ಹಂದಿಯ ಪ್ರೊಶುತ್ತೊ ಹಾಕಿ ತಂದುಬಿಡುತ್ತಾರೆ, ಅದರ ಹೆಸರನ್ನೂ ಹೇಳಿ ಬೇಡ ಅನ್ನಿ. ಇನ್ನೊಂದು, ಕುರಿ ಹಾಲಿನ ಪೆಕೊರಿನೊ ಚೀಸನ್ನು ಹೆಪ್ಪುಗಟ್ಟಿಸಲು ಪ್ರಾಣಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುವುದು ವಾಡಿಕೆ. ಅದು ಬೇಡವಾದರೆ ‘ಕಾಲ್ಯೊ ವೆಜೆತಾಲೆ’ ಅಂತ ಬರೆದಿರುವುದನ್ನು ಹುಡುಕಿ, ಅದು ಗಿಡದ ಹೆಪ್ಪು.

ಅಲ್ಲಿ ‘ಬಾರ್’ ಅಂತ ಬೋರ್ಡ್ ಕಂಡರೆ ಅಮ್ಮಂದಿರು ಹೌಹಾರಬೇಕಿಲ್ಲ. ಅದು ಕಾಫಿ ಅಂಗಡಿ.

ದಾರಿಯಲ್ಲಿ ನೀರು ಸಿಗುತ್ತಾ?

ಹಳ್ಳಿಯ ಚೌಕದಲ್ಲಿ ನಲ್ಲಿ ಇರುತ್ತದೆ. ‘ನೋನ್ ಪೊತಾಬಿಲೆ’ ಅಂತ ಬರೆದಿದ್ದರೆ ಕುಡಿಯಬೇಡಿ. ಊರು ಇಲ್ಲದ ಕಡೆ ಸ್ಮಶಾನ ಹುಡುಕಿ. ಸಮಾಧಿಯ ಹೂವಿಗೆ ನೀರು ಹಾಕಲು ಅಲ್ಲಿ ನಲ್ಲಿ ಇರುತ್ತದೆ, ಸೈಕಲ್ಲಿನವರೆಲ್ಲ ಅಲ್ಲೇ ಬಾಟಲಿ ತುಂಬಿಸುತ್ತಾರೆ. ಮಧ್ಯಾಹ್ನ 1ರಿಂದ 4ರವರೆಗೆ ದಿನಸಿ ಅಂಗಡಿ ಮುಚ್ಚಿರುತ್ತವೆ, ಆಮೇಲೆ ತಗೊಂಡರಾಯ್ತು ಅಂತ ಬಿಡಬೇಡಿ.

## ರಸ್ತೆಗೆ ಇಳಿದ ಮೇಲೆ

ಮ್ಯಾಪಿನಲ್ಲಿ ದಾರಿ ಇದೆ, ಹೋದ್ರೆ ಗೇಟು. ಏನ್ಮಾಡೋದು?

ಬೋರ್ಡ್ ಓದಿ. ‘ಪ್ರೊಪ್ರಿಯೆತಾ ಪ್ರಿವಾತಾ’ ಅಂದರೆ ಖಾಸಗಿ ಆಸ್ತಿ, ವಾಪಸ್ ಬನ್ನಿ. ‘ಸ್ತ್ರಾದಾ ಸೆನ್ಜಾ ಉಶಿತಾ’ ಅಂದರೆ ಮುಂದೆ ದಾರಿ ಮುಗಿಯುತ್ತದೆ. ‘ಸ್ತ್ರಾದಾ ವಿಚಿನಾಲೆ’ ಸ್ವಲ್ಪ ಗೋಜಲು. ನೆಲ ಖಾಸಗಿಯವರದು, ಆದರೆ ಹಲವು ಕಡೆ ಓಡಾಡುವ ಹಕ್ಕು ಎಲ್ಲರಿಗೂ ಇರುತ್ತದೆ. ನಮ್ಮ ನಕಾಶೆ ಕಂಡ ದಾರಿ, ಬಂಡಿ ದಾರಿಗಳ ಗೋಳು ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೋರ್ಡೇ ಇಲ್ಲ, ಅಂಗಳದಲ್ಲಿ ಯಾರೋ ಇದ್ದಾರೆ ಅಂದರೆ ಇಳಿದು ಕೈ ತೋರಿಸಿ ಕೇಳಿ. ನನಗೆ ಇಲ್ಲ ಅಂದವರು ಕಡಿಮೆ. ಕುರಿಗಾಗಿ ಹಾಕಿದ ಗೇಟಾದರೆ, ನೀವು ಬಂದಾಗ ಮುಚ್ಚಿತ್ತು ಅಂದರೆ ದಾಟಿದ ಮೇಲೂ ಮುಚ್ಚಿ.

ನಾಯಿ, ಕಾಡುಹಂದಿ, ಹಾವು ಏನಾದ್ರೂ ಇದೆಯಾ?

ಬೀದಿನಾಯಿ ಕಾಟ ಇಲ್ಲ. ಕ್ರೇತೆ ಮತ್ತು ವಾಲ್ ದೋರ್ಚಾದಲ್ಲಿ ಕುರಿಮಂದೆ ಕಾಯುವ ದೊಡ್ಡ ಬಿಳಿ ನಾಯಿಗಳಿವೆ, ಮರೆಮ್ಮಾ ತಳಿಯವು. ತೋಳದಿಂದ ಕುರಿ ಕಾಯುವುದು ಅವುಗಳ ಕೆಲಸ. ನೀವೂ ಅವಕ್ಕೆ ತೋಳವೇ. ವೇಗವಾಗಿ ದಾಟಲು ಹೋಗಬೇಡಿ, ಅಟ್ಟಿಸಿಕೊಂಡು ಬರುತ್ತವೆ. ಇಳಿಯಿರಿ, ಸೈಕಲ್ಲನ್ನು ನಿಮಗೂ ನಾಯಿಗೂ ಮಧ್ಯೆ ಇಟ್ಟುಕೊಂಡು, ಮಂದೆಯಿಂದ ದೂರ ನಿಧಾನಕ್ಕೆ ನಡೆಯಿರಿ. ಮಂದೆ ದಾಟಿದ ಕೂಡಲೇ ಅವು ಮರೆತುಬಿಡುತ್ತವೆ.

ಕಾಡುಹಂದಿ ಬೇಕಾದಷ್ಟಿವೆ, ಹಗಲು ಕಾಣುವುದು ಕಡಿಮೆ. ಹಂದಿಗಿಂತ ಹಂದಿ ಬೇಟೆಗೆ ಹುಷಾರಾಗಿರಬೇಕು. ಬೇಟೆಯ ಕಾಲ ಸೆಪ್ಟೆಂಬರಿನ ಮೂರನೇ ಭಾನುವಾರದಿಂದ ಜನವರಿ ಕೊನೆವರೆಗೆ. ಮಂಗಳವಾರ, ಶುಕ್ರವಾರ ಇಡೀ ದೇಶದಲ್ಲಿ ಬೇಟೆ ನಿಷೇಧ, 1992ರ ಕಾನೂನು. ಹಾಗಾಗಿ ಚಳಿಗಾಲದಲ್ಲಿ ಕಾಡಿನ ದಾರಿಗಳನ್ನು ಆ ಎರಡು ದಿನಕ್ಕೆ ಇಟ್ಟುಕೊಳ್ಳಿ. ಉಳಿದ ದಿನ ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಹಾಕಿ. ರಸ್ತೆ ಬದಿ ‘ಬತ್ತೂತಾ’ ಅಂತ ಹಲಗೆ ನೆಟ್ಟಿದ್ದರೆ ಒಳಗೆ ಬೇಟೆ ನಡೆಯುತ್ತಿದೆ, ಬೇರೆ ದಾರಿ ಹಿಡಿಯಿರಿ.

ಹಾವು ಇವೆ, ವಿಷದ ವೈಪರ್ ಹಾವು ಕೂಡ. ರಸ್ತೆ ಮೇಲೆ ಇರುವವರೆಗೆ ಅದರ ಚಿಂತೆ ಬೇಡ. ಹುಲ್ಲಲ್ಲಿ ಕೂತು ಊಟ ಮಾಡಿದ ಮೇಲೆ ಉಣ್ಣಿ ಹತ್ತಿದೆಯಾ ಅಂತ ಸಂಜೆ ಕಾಲು ನೋಡಿಕೊಳ್ಳಿ.

ಏರು ಹೇಗೋ ಹತ್ತಿದೆ, ಇಳಿಯೋಕೆ ಭಯ. ಜಲ್ಲಿ ಮೇಲೆ ಇಳಿಯೋದು ಹೇಗೆ?

ಮೊದಲು ರಸ್ತೆ ಓದುವುದನ್ನು ಕಲಿಯಿರಿ. ಕಾರಿನ ಚಕ್ರ ಉಜ್ಜಿ ಗಟ್ಟಿಯಾದ ಎರಡು ಜಾಡು ಇರುತ್ತವೆ, ಅದರಲ್ಲಿ ಒಂದನ್ನು ಹಿಡಿಯಿರಿ. ನಡುವೆ ಮತ್ತು ಅಂಚಿನಲ್ಲಿ ಸಡಿಲ ಜಲ್ಲಿ ಕೂಡಿರುತ್ತದೆ. ಜಾಡು ಬದಲಿಸಬೇಕಾದರೆ ನೇರ ರಸ್ತೆಯಲ್ಲಿ ಬದಲಿಸಿ, ತಿರುವಿನಲ್ಲಿ ಅಲ್ಲ.

ಬ್ರೇಕು ತಿರುವಿಗೆ ಮುಂಚೆ ಮುಗಿಯಬೇಕು. ತಿರುವಿನೊಳಗೆ ಮುಂದಿನ ಬ್ರೇಕು ಒತ್ತಿದಿರೋ, ನೆಲ ಸಿಕ್ಕಿತು ಅಂತ. ಹ್ಯಾಂಡಲಿನ ಕೆಳಗಿನ ಬಾಗು ಹಿಡಿಯಿರಿ, ಸೊಂಟ ಹಿಂದಕ್ಕೆ, ಮೊಣಕೈ ಸಡಿಲ. ಸೈಕಲ್ ಕೆಳಗೆ ಸ್ವಲ್ಪ ಕುಣಿಯುತ್ತದೆ, ಕುಣಿಯಲಿ ಬಿಡಿ. ಬಿಗಿ ಹಿಡಿದವರೇ ಬೀಳುವುದು.

ತಿರುವಿಗೆ ಸ್ವಲ್ಪ ಮುಂಚೆ ರಸ್ತೆ ರಾಗಿ ಬೀಸುವ ಕಲ್ಲಿನ ಮೈಯಂತೆ ತರಿತರಿಯಾಗಿರುತ್ತದೆ. ಕಾರುಗಳು ಬ್ರೇಕು ಹಾಕಿ ಹಾಕಿ ಆದ ಅಲೆಗಳು ಅವು. ಅಲ್ಲಿ ಬ್ರೇಕು ಹಿಡಿಯುವುದಿಲ್ಲ, ಅದಕ್ಕೂ ಹಿಂದೆಯೇ ವೇಗ ಇಳಿಸಿರಬೇಕು. ಎದುರಿಗೆ ಟ್ರ್ಯಾಕ್ಟರ್ ಬರಬಹುದು ಅನ್ನುವುದು ಪ್ರತಿ ತಿರುವಿನಲ್ಲೂ ನೆನಪಿರಲಿ. ಇದು ಸೈಕಲ್ ಟ್ರ್ಯಾಕ್ ಅಲ್ಲ, ಜನ ಓಡಾಡುವ ರಸ್ತೆ.

ಮಳೆ ಬಂದ್ರೆ ಹೋಗಬಹುದಾ?

ಕಿಯಾಂತಿಯಲ್ಲಿ ಹೋಗಬಹುದು. ಅಲ್ಲಿ ನೆಲದಡಿ ಕಲ್ಲು, ನೀರು ಇಳಿದುಹೋಗುತ್ತದೆ. ಕ್ರೇತೆಯಲ್ಲಿ ಬೇಡವೇ ಬೇಡ.

ಇದನ್ನು ಕಲಿಯಲು ನನಗೆ ಒಂದು ಏಪ್ರಿಲ್ ಬೇಕಾಯಿತು. ಅಶಾನೋದ ಹತ್ತಿರ ರಾತ್ರಿಯಿಡೀ ಮಳೆ, ಬೆಳಿಗ್ಗೆ ಬಿಸಿಲು. ರಸ್ತೆ ಒಣಗಿದ ಹಾಗೆ ಕಂಡಿತು. ಒಂದು ಅಡ್ಡದಾರಿ ಹಿಡಿದೆ, ಹೊಲದ ನಡುವಿನದು, ಜಲ್ಲಿ ಹಾಕದ್ದು. 200 ಮೀಟರ್ ಹೋಗುವಷ್ಟರಲ್ಲಿ ಜೇಡಿಮಣ್ಣು ಟಯರಿಗೆ ಹತ್ತಿ, ಫೋರ್ಕಿನ ಸಂದಿಯಲ್ಲಿ ತುಂಬಿ, ಚಕ್ರ ನಿಂತೇಹೋಯಿತು. ತಳ್ಳಲೂ ಆಗದು. ಕಡ್ಡಿಯಲ್ಲಿ ಕೆರೆದೆ, ಹತ್ತು ಹೆಜ್ಜೆಗೆ ಮತ್ತೆ ತುಂಬಿತು. ಹೊತ್ತುಕೊಂಡೆ. ಶೂಗೆ ಅಂಟಿದ ಮಣ್ಣು ಸೇರಿ ನಾನೇ ನಾಲ್ಕು ಇಂಚು ಎತ್ತರವಾಗಿದ್ದೆ. 2 ಕಿಲೋಮೀಟರ್ ದಾಟಲು ಒಂದೂವರೆ ಗಂಟೆ. ಆಚೆ ತುದಿಯಲ್ಲಿ ಒಬ್ಬ ಅಜ್ಜ ಟ್ರ್ಯಾಕ್ಟರ್ ನಿಲ್ಲಿಸಿ, ಏನೂ ಮಾತಾಡದೆ, ಕೊಟ್ಟಿಗೆಯ ನೀರಿನ ಪೈಪು ತೋರಿಸಿದ. ನನ್ನಂಥವರನ್ನು ಎಷ್ಟು ಜನರನ್ನು ನೋಡಿದ್ದನೋ.

ಮಳೆ ನಿಂತ ಮೇಲೆ ಜಲ್ಲಿ ಹಾಕಿದ ದೊಡ್ಡ ಬಿಳಿ ರಸ್ತೆಗಳು ಬೇಗ ಸರಿಹೋಗುತ್ತವೆ. ಹೊಲದ ಅಡ್ಡದಾರಿಗಳಿಗೆ ಎರಡು ಮೂರು ದಿನ ಬಿಸಿಲು ಬೇಕು. 2010ರ ಜೀರೊ ದಿ ಇಟಾಲಿಯಾ, ಅಂದರೆ ಇಟಲಿ ಸುತ್ತುವ ಸೈಕಲ್ ರೇಸಿನಲ್ಲಿ, ಮೊಂತಾಲ್ಚಿನೊಗೆ ಹೋಗುವ ಬಿಳಿ ರಸ್ತೆಯ ಮೇಲೆ ಮಳೆ ಸುರಿದಿತ್ತು. ಅವತ್ತು ಗೆದ್ದ ಕ್ಯಾಡೆಲ್ ಇವಾನ್ಸ್ ಹಾಕಿದ್ದು ವಿಶ್ವ ಚಾಂಪಿಯನ್ನಿನ ಕಾಮನಬಿಲ್ಲಿನ ಜೆರ್ಸಿ. ಗೆರೆ ದಾಟುವಾಗ ಅದರ ಮೇಲೆ ಕೆಸರೇ ಕೆಸರು.

ಒಬ್ಬಳೇ ಹೋಗಬಹುದಾ? ಏನಾದ್ರೂ ಆದ್ರೆ?

ಹೋಗಬಹುದು. ಒಬ್ಬೊಬ್ಬರೇ ಸವಾರಿ ಮಾಡುವ ಹೆಂಗಸರು ಅಲ್ಲಿ ದಿನವೂ ಎದುರಾಗುತ್ತಾರೆ. ತುರ್ತು ಕರೆಗೆ 112. ಗುಡ್ಡದ ಸಂದಿಗಳಲ್ಲಿ ಸಿಗ್ನಲ್ ಇರುವುದಿಲ್ಲ, ಅವತ್ತಿನ ದಾರಿಯನ್ನು ಉಳಿದುಕೊಂಡ ಮನೆಯವರಿಗೆ ತಿಳಿಸಿ ಹೊರಡಿ. ಇಟಲಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಹೇಗೂ 30,000 ಯೂರೊ ವೈದ್ಯಕೀಯ ವಿಮೆ ಬೇಕು, ಅದನ್ನು ಕೊಳ್ಳುವಾಗಲೇ ಸೈಕಲ್ ಸವಾರಿ ಸೇರಿದೆಯಾ ಅಂತ ಸಣ್ಣ ಅಕ್ಷರ ಓದಿ. ಕತ್ತಲಾದ ಮೇಲೆ ಊರಾಚೆ ಮಿಂಚುವ ಜಾಕೆಟ್ ಹಾಕುವುದು ಅಲ್ಲಿ ಕಡ್ಡಾಯ. ಹೆಲ್ಮೆಟ್ ಕಡ್ಡಾಯ ಅಲ್ಲ, ನೀವು ಹಾಕಿ.

## ಪಳಗಿದವರು ಕೇಳುವಂಥವು

ಎರೋಯಿಕಾ ದಾರಿ ಪೂರ್ತಿ ಹೊಡೀಬೇಕು. ಎಷ್ಟು ದಿನ ಬೇಕು? ಹಳೇ ಸೈಕಲ್ಲೇ ಬೇಕಾ?

ಅಕ್ಟೋಬರಿನ ಹಬ್ಬಕ್ಕೆ ಹಳೇ ಸೈಕಲ್ಲೇ ಬೇಕು. 1987ಕ್ಕಿಂತ ಮುಂಚಿನದು, ಗೇರ್ ಕಡ್ಡಿ ಫ್ರೇಮಿನ ಮೇಲೆ ಇರಬೇಕು, ಪೆಡಲಿಗೆ ಬೆಲ್ಟು. ಉದ್ದದ ದಾರಿಯವರು ಬೆಳಕು ಹರಿಯುವ ಮುಂಚೆ ಹೊರಡುತ್ತಾರೆ. ಬ್ರೋಲಿಯೊ ಕೋಟೆಗೆ ಹತ್ತುವ ದಾರಿಯ ಎರಡೂ ಬದಿ ದೀಪ ಹಚ್ಚಿಟ್ಟಿರುತ್ತಾರೆ. ನಮ್ಮ ಕಾರ್ತಿಕ ಮಾಸದ ದೇವಸ್ಥಾನದ ಮೆಟ್ಟಿಲ ಹಾಗೆ.

ಉಳಿದ ದಿನಗಳಲ್ಲಿ ಅದೇ ದಾರಿ ಕಾಯಂ ಬೋರ್ಡುಗಳೊಡನೆ ಎಲ್ಲರಿಗೂ ತೆರೆದಿದೆ, ಯಾವ ಸೈಕಲ್ ಆದರೂ ಸರಿ. ಗಯೋಲೆಯಿಂದ ಬ್ರೋಲಿಯೊ, ಸಿಯೆನಾದ ಅಂಚು, ಮುರ್ಲೊ ಕಡೆ ಹಾದು ಮೊಂತಾಲ್ಚಿನೊ, ಬುವೊನ್‌ಕೊನ್ವೆಂತೊ, ಅಶಾನೋ, ಆಮೇಲೆ ರಾದ್ದಾ ಮೇಲೆ ವಾಪಸ್ ಗಯೋಲೆ. ಒಟ್ಟು 209 ಕಿಲೋಮೀಟರ್, ಅರ್ಧದಷ್ಟು ಮಣ್ಣು, 3,500 ಮೀಟರಿಗೂ ಜಾಸ್ತಿ ಏರು. ಗಟ್ಟಿಗರು ಒಂದೇ ದಿನದಲ್ಲಿ ಮುಗಿಸುತ್ತಾರೆ. ನಾನು ಮೂರು ದಿನ ತೆಗೆದುಕೊಂಡೆ, ಮೊಂತಾಲ್ಚಿನೊ ಮತ್ತು ಅಶಾನೋದಲ್ಲಿ ಮಲಗಿದೆ. ನಾಲ್ಕು ದಿನ ಮಾಡಿದ್ದರೆ ಇನ್ನೂ ಚೆನ್ನಾಗಿತ್ತು ಅಂತ ಈಗಲೂ ಅನಿಸುತ್ತದೆ.

ಟೀವಿಯಲ್ಲಿ ನೋಡಿದ ಸ್ತ್ರಾದೆ ಬಿಯಾಂಕೆ ರೇಸಿನ ರಸ್ತೆ ಹೊಡೀಬಹುದಾ?

ಧಾರಾಳವಾಗಿ. ರೇಸ್ ಶುರುವಾದದ್ದು 2007ರಲ್ಲಿ, ಎರೋಯಿಕಾದ ನೆರಳಲ್ಲೇ. ಹೆಂಗಸರ ರೇಸ್ 2015ರಿಂದ. ಈಗ ನಡೆಯುವುದು ಮಾರ್ಚ್‌ನಲ್ಲಿ, ಉಳಿದ ದಿನ ರಸ್ತೆ ಖಾಲಿ.

ಮೊಂತೆ ಸಾಂತೆ ಮರಿಯೆ ಅನ್ನುವ ಭಾಗ 11.5 ಕಿಲೋಮೀಟರ್ ಉದ್ದ. ಎಲ್ಲಕ್ಕಿಂತ ಕಷ್ಟದ್ದು, ಎಲ್ಲಕ್ಕಿಂತ ಚೆಲುವಾದದ್ದೂ. ರೇಸನ್ನು ಮೂರು ಸಲ ಗೆದ್ದ ಫಾಬಿಯನ್ ಕಾನ್ಸೆಲಾರಾ ಹೆಸರಿನ ಕಲ್ಲು ಅಲ್ಲಿದೆ. ಕೊಲ್ಲೆ ಪಿನ್ಜೂತೊ 2.4 ಕಿಲೋಮೀಟರ್, ಒಂದು ಕಡೆ ಶೇ 15 ಏರು. ಲೆ ತೊಲ್ಫೆ ಬರೀ 1.1 ಕಿಲೋಮೀಟರ್, ಆದರೆ ಶೇ 18. ಲೆ ತೊಲ್ಫೆಯಲ್ಲಿ ನಾನು ಇಳಿದು ತಳ್ಳಿದ್ದೇನೆ, ಎರಡು ಸಲ.

ಕೊನೆಗೆ ಸಿಯೆನಾದೊಳಗೆ ಸಾಂತಾ ಕತೆರೀನಾ ಬೀದಿ, ಶೇ 16, ಹಾಸುಗಲ್ಲು. ಅದು ಹತ್ತಿದರೆ ಚಿಪ್ಪಿನ ಆಕಾರದ ಕಾಂಪೊ ಚೌಕ. ಬೆಳಿಗ್ಗೆ 7ಕ್ಕೆ ಹೋದರೆ ಕಸ ಗುಡಿಸುವವರು ಬಿಟ್ಟರೆ ಯಾರೂ ಇರುವುದಿಲ್ಲ. ಅದೇ ಚೌಕದ ನಗರಸಭೆ ಕಟ್ಟಡದಲ್ಲಿ ಅಂಬ್ರೋಜೊ ಲೊರೆನ್ಜೆತ್ತಿ 1338–39ರಲ್ಲಿ ಬರೆದ ದೊಡ್ಡ ಗೋಡೆಚಿತ್ರವಿದೆ, ಒಳ್ಳೆಯ ಆಡಳಿತದಿಂದ ಊರು ಹೇಗಿರುತ್ತದೆ ಅಂತ. ಊರ ಬಾಗಿಲಿಂದ ಗುಡ್ಡಗಳ ಕಡೆಗೆ ಇಳಿಯುವ ರಸ್ತೆ, ಕುದುರೆ ಮೇಲಿನವರು, ಹಂದಿ ಹೊಡೆದುಕೊಂಡು ಬರುವವ. ಮೂರು ದಿನ ಸೈಕಲ್ ಹೊಡೆದ ಮೇಲೆ ಅದನ್ನು ನೋಡಿ. ನೀವು ಹಾದುಬಂದ ತಿರುವುಗಳೇ ಅವು ಅನಿಸುತ್ತದೆ.

ಎಲ್ಲರೂ ಹೋಗೋ ದಾರಿ ಬೇಡ. ಜನ ಇಲ್ಲದ ರಸ್ತೆ ಹುಡುಕೋದು ಹೇಗೆ?

ಸವಾರರ ಜಾಡು ತೋರಿಸುವ ಹೀಟ್‌ಮ್ಯಾಪನ್ನು ಎಲ್ಲರೂ ಗಾಢ ಗೆರೆ ಹುಡುಕಲು ತೆರೆಯುತ್ತಾರೆ. ನಾನು ತೆಳು ಗೆರೆ ಹುಡುಕುತ್ತೇನೆ. ಗೆರೆಯೇ ಇಲ್ಲದಿದ್ದರೆ ಗೇಟಿರಬಹುದು. ತೆಳುವಾಗಿ ಇದ್ದರೆ ದಾರಿ ಇದೆ, ಜನ ಇಲ್ಲ. ಆಮೇಲೆ ಉಪಗ್ರಹ ಚಿತ್ರದಲ್ಲಿ ಬಣ್ಣ ನೋಡುತ್ತೇನೆ: ಬಿಳಿ ಅಂದರೆ ಜಲ್ಲಿ, ಹೊಲದ ಬಣ್ಣವೇ ಇದ್ದರೆ ಜೇಡಿಮಣ್ಣು. ಗುಡ್ಡದ ಬೆನ್ನಿನ ಮೇಲೆ ಹೋಗುವ ದಾರಿ ಆರಿಸಿ, ಕಣಿವೆಯದ್ದಲ್ಲ. ಹಳೇ ಗಾಡಿ ದಾರಿಗಳು ಕೆಸರು ತಪ್ಪಿಸಲು ಬೆನ್ನ ಮೇಲೇ ಹೋಗುತ್ತಿದ್ದವು. ಕಣಿವೆಯಲ್ಲಿ ಈಗ ಡಾಂಬರು, ಲಾರಿ.

ತ್ರೆಕ್ವಾಂದಾ, ಮೊಂತೀಸಿ, ಕಸ್ತೆಲ್ಮೂಸಿಯೊ ಊರುಗಳ ನಡುವೆ ಒಂದು ದಿನ ಸುತ್ತಿ. ವಾಲ್ ದೋರ್ಚಾದಿಂದ ಕಲ್ಲೆಸೆಯುವಷ್ಟು ದೂರ, ಬಸ್ಸಿನ ಪ್ರವಾಸಿಗಳು ಇತ್ತ ಬರುವುದು ಕಡಿಮೆ. ಅಕ್ಟೋಬರ್ ಕೊನೆಯಲ್ಲಿ ಆಲಿವ್ ಮರಗಳ ಕೆಳಗೆ ಬಲೆ ಹಾಸಿ ಕಾಯಿ ಉದುರಿಸುತ್ತಿರುತ್ತಾರೆ. ಬಲೆ ರಸ್ತೆ ಅಂಚಿಗೂ ಬಂದಿರುತ್ತದೆ, ಅದರ ಮೇಲೆ ಸೈಕಲ್ ಹತ್ತಿಸಬೇಡಿ.

ನಮ್ಮಂಥವರು ಗುಂಪು ಗುಂಪಾಗಿ ಬಂದ್ರೆ ಅಲ್ಲಿನವರಿಗೆ ಕಿರಿಕಿರಿ ಆಗಲ್ವಾ?

ಆಗುತ್ತದೆ, ಹೇಗೆ ಬರುತ್ತೀರಿ ಅನ್ನುವುದರ ಮೇಲೆ. ಹತ್ತು ಜನ ಅಡ್ಡಡ್ಡ ಸಾಲಾಗಿ ಹೋದರೆ ಹಿಂದೆ ಟ್ರ್ಯಾಕ್ಟರ್ ಕಾಯಬೇಕು. ದ್ರಾಕ್ಷಿ ಕೊಯ್ಲಿನ ವಾರದಲ್ಲಿ ಅವರಿಗೆ ಒಂದೊಂದು ಗಂಟೆಯೂ ದುಡ್ಡು. ಟ್ರ್ಯಾಕ್ಟರ್ ಸದ್ದು ಕೇಳಿದರೆ ಅಂಚಿಗೆ ಸರಿದು ನಿಲ್ಲಿ. ದ್ರಾಕ್ಷಿ ಕೀಳಬೇಡಿ, ಒಂದು ಗೊಂಚಲು ಅಂತಲೂ ಬೇಡ.

ಮನೆ ಮುಂದೆ ಹಾದುಹೋಗುವಾಗ ನಿಧಾನ ಮಾಡಿ. ಬೇಸಿಗೆಯಲ್ಲಿ ಕಾರು ಎಬ್ಬಿಸುವ ಬಿಳಿ ಧೂಳು ಅವರ ಒಗೆದ ಬಟ್ಟೆಯ ಮೇಲೆ, ಅಡುಗೆಮನೆಯ ಕಿಟಕಿಯ ಮೇಲೆ ಕೂತಿರುತ್ತದೆ. ಡಾಂಬರು ಬೇಡ ಅಂದದ್ದಕ್ಕೆ ದಿನಾ ಧೂಳು ಒರೆಸುವವರು ಅವರೇ. ಎದುರಿಗೆ ಸಿಕ್ಕವರಿಗೆ ‘ಬುವೊನ್‌ಜೋರ್ನೊ’ ಅನ್ನಿ. ಮಧ್ಯಾಹ್ನ ಕಳೆದ ಮೇಲೆ ‘ಬುವೊನಸೇರಾ’. ನಾನು ಒಮ್ಮೆ ಗಡಿಬಿಡಿಯಲ್ಲಿ ‘ನಮಸ್ಕಾರ’ ಅಂದುಬಿಟ್ಟೆ. ಬೇಲಿ ಕಟ್ಟುತ್ತಿದ್ದ ಅಜ್ಜಿ ತಲೆ ಎತ್ತಿ ನೋಡಿ, ಅದನ್ನೇ ತಿರುಗಿ ಹೇಳಲು ನೋಡಿದರು.